ಏಪ್ರಿಲ್ ಬಗ್ಗೆ, ಸ್ಟ್ಯಾಮ್‌ಕೋಸ್ ಕಾಲಿನ ಬಗ್ಗೆ

ಪ್ರೀತಿಯ ಗೆಳೆಯಾ,

ಕಾಲಿನ ಮೂಳೆ ಮುರಿದು ರಾಡು ಹಾಕಿಸಿಕೊಂಡಿರುವ ನೀನು, ಒಕ್ಕಗಳ, ಅಂದರೆ ಮನೆತನಗಳ, ನಡುವೆ ನಡೆಯುವ ಕೊಡವ ಹಾಕಿ ಪಂದ್ಯಾವಳಿಯಲ್ಲಿ "ಏಪ್ರಿಲ್‌ನಲ್ಲಿ ಒಕ್ಕದ ತಂಡಕ್ಕೆ ಆಡೇ ಆಡ್ತೀನಿ" ಅಂತ ಬರೆದಿದ್ದೀಯ. ಅದಕ್ಕೆ ಎರಡು ಸಾಲಿನ ಉತ್ತರ ಸಾಲದು ಅನ್ನಿಸಿತು. ನೀನು ಒಪ್ಪಿದ್ದರಿಂದ ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಕಾಲಿಗೆ ರಾಡು ಹಾಕಿಸಿಕೊಂಡು ದಿನ ಎಣಿಸುತ್ತಿರುವವರು ಇನ್ನೂ ಇರುತ್ತಾರೆ.

ನಿನಗೆ ಐಸ್ ಹಾಕಿಯ ಸ್ಟೀವನ್ ಸ್ಟ್ಯಾಮ್‌ಕೋಸ್ ವಿಷಯ ಹೇಳಬೇಕು. ನಾನಿರುವ ಟೊರೊಂಟೊ ಪಕ್ಕದ ಮಾರ್ಕಮ್‌ನಲ್ಲಿ ಹುಟ್ಟಿದವನು. 2008ರಲ್ಲಿ, ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು) ಮೊದಲ ಆಯ್ಕೆಯಾಗಿ ಟ್ಯಾಂಪಾ ಬೇ ಲೈಟ್ನಿಂಗ್ ತಂಡಕ್ಕೆ ಹೋದ. 2011-12ರ ಒಂದೇ ಋತುವಿನಲ್ಲಿ 60 ಗೋಲು ಹೊಡೆದ.

2013ರ ನವೆಂಬರ್ 11ರಂದು ಬಾಸ್ಟನ್‌ನಲ್ಲಿ ಪಂದ್ಯ. ಅಷ್ಟರಲ್ಲಿ ಆ ಋತುವಿನ 17 ಪಂದ್ಯಗಳಿಂದ ಅವನ ಲೆಕ್ಕಕ್ಕೆ 14 ಗೋಲು ಸೇರಿತ್ತು. ಎದುರಾಳಿಯನ್ನು ಬೆನ್ನಟ್ಟಿ ತನ್ನದೇ ಗೋಲಿನ ಕಡೆ ಧಾವಿಸಿ ಬಂದವನು ಆಯ ತಪ್ಪಿ ಜಾರಿದ, ಬಲಗಾಲು ಹೋಗಿ ಗೋಲು ಕಂಬಕ್ಕೆ ಬಡಿಯಿತು. ಏಳಲು ನೋಡಿದ, ಕಾಲು ನಿಲ್ಲಲಿಲ್ಲ, ಮತ್ತೆ ಕುಸಿದ. ಟಿಬಿಯಾ, ಅಂದರೆ ಮೊಣಕಾಲಿನ ಕೆಳಗಿನ ದಪ್ಪ ಮೂಳೆ, ಮುರಿದಿತ್ತು. ಮರುದಿನ ಬಾಸ್ಟನ್‌ನಲ್ಲೇ ಶಸ್ತ್ರಚಿಕಿತ್ಸೆ ಮಾಡಿ ರಾಡು ಹಾಕಿದರು. ನಿನಗೆ ಮುರಿದದ್ದೂ ಅದೇ ಮೂಳೆ, ಹಾಕಿರುವುದೂ ಅದೇ ಬಗೆಯ ರಾಡು.

ಆ ರಾಡಿನ ಬಗ್ಗೆ ಸ್ವಲ್ಪ ಹೇಳುತ್ತೇನೆ, ನಿನ್ನ ಆತುರದ ಮೂಲ ಅಲ್ಲೇ ಇದೆ. ಮೂಳೆಯ ಒಳಗಿನ ಟೊಳ್ಳಿಗೆ ಲೋಹದ ರಾಡು ಇಳಿಸುವ ಈ ವಿಧಾನವನ್ನು ಜರ್ಮನಿಯ ಗೆರ್ಹಾರ್ಡ್ ಕ್ಯೂಂಟ್‌ಷರ್ 1940ರ ಸುಮಾರಿಗೆ ಬಳಕೆಗೆ ತಂದರು. ಮೇಲೆ ಕೆಳಗೆ ಸ್ಕ್ರೂ ಬಿಗಿದರೆ ಮೂಳೆ ತಿರುಚಿಕೊಳ್ಳುವುದಿಲ್ಲ, ಬೇಗನೆ ಕಾಲೂರಿ ನಡೆಯಬಹುದು. ಆದರೆ ಆಗ ಭಾರ ಹೊರುತ್ತಿರುವುದು ಬಹುಪಾಲು ಲೋಹ. ತಾರಸಿಗೆ ಕಾಂಕ್ರೀಟ್ ಹಾಕಿದಾಗ ಕೆಳಗೆ ಸೆಂಟ್ರಿಂಗ್ ಕೊಡುತ್ತಾರಲ್ಲ, ಹಾಗೆ. ಟಿಬಿಯಾದ ಮುಂಭಾಗಕ್ಕೆ ಮಾಂಸದ ಹೊದಿಕೆಯೇ ಇಲ್ಲ, ಬರೀ ಚರ್ಮ. ಕೆಳಭಾಗಕ್ಕೆ ರಕ್ತ ಪೂರೈಕೆಯೂ ಕಡಿಮೆ. ಹಾಗಾಗಿ ಕೂಡಿಕೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು. ಮೂಳೆ ಕೂಡದೆ ಉಳಿದರೆ ಒತ್ತಡವೆಲ್ಲ ಲೋಹದ ಮೇಲೆಯೇ ಬಿದ್ದು, ಕೊನೆಗೆ ಸ್ಕ್ರೂ ಮುರಿಯುತ್ತದೆ, ರಾಡೂ ಮುರಿಯಬಹುದು. ನೋವಿಲ್ಲದೆ ಮೆಟ್ಟಿಲು ಹತ್ತಿದೆ ಅಂತ ಖುಷಿಯಿಂದ ಬರೆದಿದ್ದೀಯ, ನನಗೂ ಖುಷಿಯಾಯಿತು. ಅದರಿಂದ ಮೂಳೆ ಕೂಡಿದೆ ಅಂತ ಮಾತ್ರ ತೀರ್ಮಾನಿಸಬೇಡ.

ಸ್ಟ್ಯಾಮ್‌ಕೋಸ್‌ಗೂ ಒಂದು ಏಪ್ರಿಲ್ ಇತ್ತು, ಫೆಬ್ರವರಿಯ ರೂಪದಲ್ಲಿ. 2014ರ ಫೆಬ್ರವರಿಯಲ್ಲಿ ಸೋಚಿ ಒಲಿಂಪಿಕ್ಸ್. ಕಾಲು ಮುರಿದಿದ್ದರೂ ಜನವರಿಯಲ್ಲಿ ಪ್ರಕಟವಾದ ಕೆನಡಾ ತಂಡದಲ್ಲಿ ಅವನ ಹೆಸರಿತ್ತು, ಅಷ್ಟು ನಂಬಿಕೆ. ಮತ್ತೆ ಸ್ಕೇಟ್ ಕಟ್ಟಿ ಅಭ್ಯಾಸಕ್ಕೆ ಇಳಿದಿದ್ದ. ಫೆಬ್ರವರಿ ಮೊದಲ ವಾರದ ತಪಾಸಣೆಯಲ್ಲಿ ಮೂಳೆ ಸಾಕಷ್ಟು ಕೂಡಿಲ್ಲವೆಂದು ತಿಳಿಯಿತು, ವೈದ್ಯರು ಅನುಮತಿ ಕೊಡಲಿಲ್ಲ. ಅವನ 24ನೇ ಹುಟ್ಟುಹಬ್ಬ ಅದೇ ವಾರ. ಅವನ ಜಾಗಕ್ಕೆ ಟ್ಯಾಂಪಾದ ನಾಯಕ ಮಾರ್ಟಿನ್ ಸೇಂಟ್ ಲೂಯಿ ಹೋದರು, ಕೆನಡಾ ಚಿನ್ನ ಗೆದ್ದಿತು.

ಈ ಭಾಗವನ್ನು ಸಿಹಿ ಮಾಡಿ ಹೇಳಲು ನನಗೆ ಮನಸ್ಸಿಲ್ಲ. 2018ಕ್ಕೂ 2022ಕ್ಕೂ ಎನ್‌ಎಚ್‌ಎಲ್ ಆಟಗಾರರು ಒಲಿಂಪಿಕ್ಸ್‌ಗೆ ಹೋಗಲೇ ಇಲ್ಲ. ಕಾಯ್ದದ್ದಕ್ಕೆ ಅವನು ತೆತ್ತ ಬೆಲೆ ದೊಡ್ಡದು. ಆದರೂ ಕಾಯ್ದದ್ದು ಸರಿಯೆಂದೇ ನಾನು ಬಲವಾಗಿ ನಂಬುತ್ತೇನೆ. ಮಾರ್ಚ್ 5ರಂದು ಸೇಂಟ್ ಲೂಯಿ ನ್ಯೂಯಾರ್ಕ್ ರೇಂಜರ್ಸ್‌ಗೆ ವರ್ಗವಾದರು, ಮಾರ್ಚ್ 6ರಂದು ಸ್ಟ್ಯಾಮ್‌ಕೋಸ್ ಮೈದಾನಕ್ಕೆ ಮರಳಿದ, ಅದೇ ದಿನ ತಂಡದ ನಾಯಕನೂ ಆದ. ತಪ್ಪಿಹೋದದ್ದು 45 ಪಂದ್ಯ. ಉಳಿದ 20 ಪಂದ್ಯಗಳಲ್ಲಿ 11 ಗೋಲು. ಮೊದಲಿನ ವೇಗವಲ್ಲ, ಆದರೆ ಕಾಲು ತಡೆದುಕೊಂಡಿತು. ಮುಂದಿನ ಋತುವಿನಲ್ಲಿ 43 ಗೋಲು, ತಂಡ ಎನ್‌ಎಚ್‌ಎಲ್ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್‌ನ ಫೈನಲ್‌ಗೆ ಬಂತು. 2020, 2021ರಲ್ಲಿ ಅವನ ನಾಯಕತ್ವದಲ್ಲಿ ಕಪ್ಪೂ ಬಂತು. 2023ರ ಜನವರಿಯಲ್ಲಿ 500ನೇ ಗೋಲು. ನಡುವೆ ಬೇರೆ ಗಾಯಗಳು ಅವನನ್ನು ಬಹಳ ಕಾಡಿದವು, ಅದು ಇನ್ನೊಂದು ದೊಡ್ಡ ಕಥೆ.

ನಿನ್ನ ಸ್ಥಿತಿ ಅವನಿಗಿಂತ ಎಷ್ಟೋ ವಾಸಿ. ಕೊಡವ ಕೌಟುಂಬಿಕ ಹಾಕಿ 1997ರಲ್ಲಿ ಶುರುವಾದದ್ದು, ಮುಂದಿನ ಬೇಸಿಗೆಗೂ ಬರುತ್ತದೆ, ಅದರ ಮುಂದಿನದಕ್ಕೂ. ನಿಮ್ಮ ಒಕ್ಕದ ಹೆಸರು ಪಟ್ಟಿಯಲ್ಲಿ ಇದ್ದೇ ಇರುತ್ತದೆ. ನೀನಿಲ್ಲದೆ ತಂಡ ಆಡುವುದನ್ನು ಹೊರಗೆ ಕುಳಿತು ನೋಡುವ ಸಂಕಟ ಸಣ್ಣದು ಅನ್ನುತ್ತಿಲ್ಲ. ಆದರೆ ಹಾಕಿಯಲ್ಲಿ ಸದಾ ಬಗ್ಗಿ ಮೊಣಕಾಲು ಮಡಚಿಯೇ ಆಡಬೇಕು. ರಾಡು ಇಳಿಸಿದ ಮೇಲೆ ಮೊಣಚಿಪ್ಪಿನ ಸುತ್ತ ನೋವು ಬಹಳ ಜನರಿಗೆ ಉಳಿಯುತ್ತದೆ, ಮಂಡಿಯೂರಿದರೆ ಇನ್ನೂ ಹೆಚ್ಚು. ಮೂಳೆ ಕೂಡಿದ ಮೇಲೂ ತೊಡೆಯ ಬಲ ಮರಳಿ ಬರಬೇಕು, ಒಂಟಿಕಾಲಿನ ಜಿಗಿತದಲ್ಲಿ ಗಾಯದ ಕಾಲು ಇನ್ನೊಂದರ ಸಮಕ್ಕೆ ಬರಬೇಕು.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ "ಏಪ್ರಿಲ್‌ಗೆ ಆಗುತ್ತಾ" ಅಂತ ಕೇಳಬೇಡ. ಮುರಿತದ ಜಾಗದಲ್ಲಿ ಮೂಳೆಯ ಗೋಡೆ ಎಷ್ಟು ಕಡೆ ಕೂಡಿದೆ ಅಂತ ಕೇಳು. ಎಕ್ಸ್‌ರೇಯಲ್ಲಿ ಎದುರಿನಿಂದ ಎರಡು, ಪಕ್ಕದಿಂದ ಎರಡು, ಒಟ್ಟು ನಾಲ್ಕು ಬದಿ ನೋಡುತ್ತಾರೆ. ಮೂರಾದರೂ ಸೇತುವೆ ಕಟ್ಟಿದ್ದರೆ ಮೂಳೆ ಕೂಡಿದೆ ಎನ್ನುವುದು ವಾಡಿಕೆ. ಹೇಳಿದ್ದನ್ನು ಬರೆದುಕೊಂಡು ಬಾ, ರಾತ್ರಿ ಫೋನಿನಲ್ಲಿ ಮಾತಾಡೋಣ.

ಇನ್ನೊಂದು. ಸಿಗರೇಟು ಬಿಡು. ಅದು ಮೂಳೆ ಕೂಡುವುದನ್ನು ನಿಧಾನ ಮಾಡುತ್ತದೆ, ಟಿಬಿಯಾದಲ್ಲಂತೂ ಖಂಡಿತ. ಇಷ್ಟು ವರ್ಷ ಹೇಳಲು ಸಂಕೋಚಪಟ್ಟೆ, ಈಗ ಪಡುವುದಿಲ್ಲ.

ನಿನ್ನ ಗೆಳೆಯ