ಬಾರ್ಸೆಲೋರ್ ಅಂದರೆ ನಮ್ಮ ಬಸ್ರೂರು: ಶಾಲೆಯ ನಕ್ಷೆ ಕೋಣೆಗೆ ನಿಮ್ಮ ನೆರವು ಬೇಕು

ಊರಿನ ಹಿರಿಯರೇ, ಹಳೆ ವಿದ್ಯಾರ್ಥಿಗಳೇ,

ಕಳೆದ ವರ್ಷ ಏಳನೇ ಕ್ಲಾಸಿನ ಮಕ್ಕಳಿಗೆ ಒಂದು ಹಳೇ ನಕ್ಷೆಯ ಪ್ರತಿ ತೋರಿಸಿದ್ದೆವು. ಹೊಳೆ, ಹೊಳೆ ಬದಿಗೆ ಕೋಟೆ. ಹೆಸರು ಬಾರ್ಸೆಲೋರ್. "ಇದು ಯಾವ ಊರು?" ಅಂತ ಕೇಳಿದರೆ ಒಬ್ಬ ಹುಡುಗ ಕೈ ಎತ್ತಿ "ಮೆಸ್ಸಿ ಆಡ್ತಿದ್ದ ಊರು ಸರ್" ಅಂದ. ಫುಟ್ಬಾಲಿನ ಬಾರ್ಸೆಲೋನಾ ಅಂದುಕೊಂಡಿದ್ದ. ಕ್ಲಾಸೆಲ್ಲ ನಗು. ಅವನ ಮನೆಯಿಂದ ಬಸ್ರೂರಿಗೆ ಸೈಕಲ್ಲಿನಲ್ಲಿ ಹತ್ತು ನಿಮಿಷ. ನಕ್ಷೆ ಅದೇ ಬಸ್ರೂರಿನದು ಅಂದಾಗ ಅವನು ನಂಬಲಿಲ್ಲ.

ತಪ್ಪು ಹುಡುಗನದಲ್ಲ. ನಾವು ತೋರಿಸಿದ್ದರೆ ತಾನೇ ಅವನಿಗೆ ಗೊತ್ತಾಗುವುದು?

ಆ ನಕ್ಷೆ 1635ರದ್ದು. ಪೋರ್ಚುಗಲ್ಲಿನ ದೊರೆ ತನ್ನ ಪೂರ್ವದ ಕೋಟೆಗಳ ಲೆಕ್ಕ ಕೇಳಿದ. ಗೋವಾದ ದಫ್ತರ ನೋಡಿಕೊಳ್ಳುತ್ತಿದ್ದ ಅಂತೋನಿಯೊ ಬೊಕಾರೊ ವಿವರ ಬರೆದ. ಚಿತ್ರಗಳು ಪೆದ್ರೊ ಬರೆತೊ ದೆ ರೆಸೆಂದೆಯವು. ಮೂಲ ಪ್ರತಿ ಈಗಲೂ ಪೋರ್ಚುಗಲ್ಲಿನ ಎವೊರಾ ಊರಿನ ಗ್ರಂಥಾಲಯದಲ್ಲಿದೆ. ಅದರಲ್ಲಿ ಹೊನ್ನಾವರವಿದೆ, ಗಂಗೊಳ್ಳಿಯಿದೆ, ಮಂಗಳೂರಿದೆ. ಹೆಸರುಗಳು ಮಾತ್ರ ಅವರ ಬಾಯಿಗೆ ಸಿಕ್ಕ ಹಾಗೆ: ಹೊನ್ನಾವರ ಓನೊರ್ ಆಗಿದೆ, ಗಂಗೊಳ್ಳಿ ಕಾಂಬೊಲಿಂ ಆಗಿದೆ.

ಅಳತೆಯ ವಿಷಯದಲ್ಲಿ ಈ ಚಿತ್ರಗಳನ್ನು ನಂಬಿ ಹೊರಟರೆ ಹೊಳೆಗೇ ಬೀಳುತ್ತೀರಿ. ಹಕ್ಕಿ ಮೇಲಿನಿಂದ ನೋಡಿದ ಹಾಗೆ ಬರೆದವು. ಅವರಿಗೆ ಬೇಕಾದ್ದು ದೊಡ್ಡದು, ಬೇಡವಾದ್ದು ಚಿಕ್ಕದು. ಮಕ್ಕಳಿಗೆ ಮುಖ್ಯವಾಗಿ ತೋರಿಸಬೇಕಾದದ್ದೇ ಇದು ಅಂತ ನಮಗನಿಸುತ್ತದೆ. ಪೋರ್ಚುಗೀಸರು 1569ರಲ್ಲಿ ಕೋಟೆ ಹಿಡಿದು ಕೂತದ್ದು ಹೊಳೆಯ ಕೆಳಗಡೆ, ಸಮುದ್ರದ ಕಡೆಗೆ. ನಿಜವಾದ ಪೇಟೆ ಮೇಲ್ಗಡೆ ಇತ್ತು. ಅಲ್ಲಿನ ವರ್ತಕರು ತಮ್ಮ ವ್ಯವಹಾರ ತಾವೇ ನೋಡಿಕೊಳ್ಳುತ್ತಿದ್ದರು. ಬಸ್ರೂರಿನ ಶಾಸನಗಳಲ್ಲಿ ಕೇರಿಗಳ ಹೆಸರಿದೆ, ಕೇರಿಯ 'ಹಲರು' (ವರ್ತಕರ ಕೂಟ) ಸೇರಿ ತೀರ್ಮಾನ ಮಾಡಿದ್ದಿದೆ. ಕೋಟೆಯ ನಕ್ಷೆ ನೋಡಿ ಊರು ಇಷ್ಟೇ ಅಂದುಕೊಂಡರೆ ಇದೆಲ್ಲ ತಪ್ಪಿಹೋಗುತ್ತದೆ.

ಪೋರ್ಚುಗೀಸರು ಬಂದದ್ದು ಒಳ್ಳೆಮೆಣಸಿಗೆ, ಸರಿ. ಆದರೆ ನಮ್ಮ ಅಕ್ಕಿಗೂ ಬಂದಿದ್ದರು. ಗೋವಾದ ಒಲೆ ಉರಿಯುತ್ತಿದ್ದದ್ದು ಈ ಕಡೆಯ ಅಕ್ಕಿಯ ಮೇಲೆ. ಮಸ್ಕತ್ತಿಗೂ ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಈ ಪತ್ರವನ್ನು ಮಸ್ಕತ್ತಿನಲ್ಲೇ ಕೂತು ಓದುತ್ತಿರುವ ಹಳೆ ವಿದ್ಯಾರ್ಥಿಗಳು ಸ್ವಲ್ಪ ಯೋಚಿಸಿ ನೋಡಿ, ನಿಮಗಿಂತ ಮೊದಲು ಆ ದಾರಿಯಲ್ಲಿ ಹೋದದ್ದು ನಮ್ಮ ಗದ್ದೆಯ ಅಕ್ಕಿ! 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕರು ಈ ಕೋಟೆಗಳನ್ನು ಕಿತ್ತುಕೊಂಡರು. 1665ರಲ್ಲಿ ಶಿವಾಜಿಯ ಹಡಗುಗಳೂ ಬಸ್ರೂರಿಗೆ ಬಂದು ಹೋದವು.

ಆಮೇಲಿನದು ಇಂಗ್ಲಿಷರ ನಕ್ಷೆ. ಟಿಪ್ಪು ಸತ್ತ 1799ರಲ್ಲಿ ಕೆನರಾ, ಅಂದರೆ ನಮ್ಮ ಕರಾವಳಿ, ಕಂಪನಿಯ ಕೈಸೇರಿತು. 1802ರಲ್ಲಿ ಮದ್ರಾಸಿನಲ್ಲಿ ಅಳತೆ ಶುರುಮಾಡಿದ ವಿಲಿಯಂ ಲ್ಯಾಂಬ್ಟನ್ ಗುಡ್ಡದಿಂದ ಗುಡ್ಡಕ್ಕೆ ತ್ರಿಕೋನ ಹಾಕುತ್ತಾ ಮಂಗಳೂರಿನವರೆಗೆ ಬಂದ. ಹಳೇ ನಕ್ಷೆಗಳಲ್ಲಿ ಸುಮಾರು 400 ಮೈಲಿ ಇದ್ದ ದೂರ ಅವನ ಲೆಕ್ಕದಲ್ಲಿ 360 ಮೈಲಿ ಆಯಿತು. ಕಾಗದದ ಮೇಲೆ 40 ಮೈಲಿ ಮಾಯ! ಈ ಕತೆ ಹೇಳಿದರೆ ಗಣಿತ ಅಂದರೆ ಓಡುವ ಮಕ್ಕಳೂ ಕಿವಿ ಕೊಡುತ್ತಾರೆ.

1862ರಲ್ಲಿ ಉತ್ತರ ಕನ್ನಡ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು. ಭಟ್ಕಳ ಬೊಂಬಾಯಿಗೆ, ಕುಂದಾಪುರ ಮದ್ರಾಸಿಗೆ. ನೆಂಟಸ್ತಿಕೆಯ ಮಧ್ಯೆ ಒಂದು ಗೆರೆ. 1956ರವರೆಗೂ ಎರಡೂ ಒಂದೇ ರಾಜ್ಯದಲ್ಲಿರಲಿಲ್ಲ.

ಈಗ ನಮ್ಮ ಕಪಾಟಿನ ಕತೆ. ಮದ್ರಾಸ್ ಪ್ರಾಂತ್ಯದ ಕಾಲದ, ಬಟ್ಟೆಗೆ ಅಂಟಿಸಿದ ನಾಲ್ಕು ಭೂಪಟಗಳು ಶಾಲೆಯಲ್ಲಿವೆ. ಹೋದ ಮಳೆಗಾಲ ಹೆಂಚು ಸರಿದು ನೀರು ಇಳಿಯಿತು. ನಾವು ನೋಡಿದ್ದು ಹದಿನೈದು ದಿನ ಬಿಟ್ಟು. ಎರಡಕ್ಕೆ ಬೂಷ್ಟು ಹಿಡಿದಿದೆ, ಒಂದರ ಮೂಲೆ ಗೆದ್ದಲಿನ ಪಾಲು. ಇದು ನಮ್ಮದೇ ಉದಾಸೀನ, ಮುಚ್ಚಿಡುವುದಿಲ್ಲ.

ಹಳೇ ಸ್ಟಾಫ್ ರೂಮನ್ನು ನಕ್ಷೆ ಕೋಣೆ ಮಾಡಬೇಕೆಂದಿದ್ದೇವೆ. ಒಟ್ಟು 3,60,000 ರೂಪಾಯಿ ಬೇಕು. ಮಾಡು ರಿಪೇರಿಗೇ ಅರ್ಧದಷ್ಟು ಹೋಗುತ್ತದೆ, ಕರಾವಳಿಯಲ್ಲಿ ಅದು ನಿಮಗೆ ಹೇಳಬೇಕಾಗಿಲ್ಲ. ಉಳಿದದ್ದು ನಾಲ್ಕು ಭೂಪಟಗಳನ್ನು ಕೈಬಲ್ಲವರಿಂದ ಸರಿಮಾಡಿಸಲು, ಬಂದರುಗಳ ಹಳೇ ನಕ್ಷೆಗಳ ಒಳ್ಳೆಯ ಪ್ರತಿ ತರಿಸಲು, ಗಾಜಿನ ಚೌಕಟ್ಟಿಗೆ. ಪ್ರತಿ ನಕ್ಷೆಯ ಕೆಳಗೆ ಕನ್ನಡದಲ್ಲಿ ವಿವರ ಇರುತ್ತದೆ. ಒಂದು ಗೋಡೆ ಖಾಲಿ ಬಿಡುತ್ತೇವೆ. ಅಲ್ಲಿ ಮಕ್ಕಳು ತಮ್ಮ ಊರಿನ ನಕ್ಷೆ ತಾವೇ ಬರೆಯಬೇಕು: ಕೇರಿ, ಹೊಳೆ ದಾಟುವ ಕಡು, ನಾಗಬನ, ಯಾರ ಗದ್ದೆ ಯಾವುದು, ಎಲ್ಲಾ ನಮ್ಮ ಬಾಯಲ್ಲಿರುವ ಹೆಸರಿನಲ್ಲೇ.

ಈವರೆಗೆ 1,10,000 ರೂಪಾಯಿ ಸೇರಿದೆ. 3,000 ರೂಪಾಯಿ ಕೊಟ್ಟರೆ ಒಂದು ನಕ್ಷೆಗೆ ಚೌಕಟ್ಟಾಗುತ್ತದೆ. ನೂರು ರೂಪಾಯಿ ಕೊಟ್ಟರೂ ರಸೀದಿ ಇದೆ, ಬೇಜಾರಿಲ್ಲ. ಆದಾಯ ತೆರಿಗೆಯ 80ಜಿ ರಿಯಾಯಿತಿ ನಮಗಿನ್ನೂ ಸಿಕ್ಕಿಲ್ಲ, ಆಮೇಲೆ ಬೈಯಬೇಡಿ. ಹಣವನ್ನು ಶಾಲೆಯ ಕಚೇರಿಯಲ್ಲಿ ಕೊಡಬಹುದು, ಅಥವಾ ಅಲ್ಲಿ ಕೇಳಿ ಬ್ಯಾಂಕ್ ಖಾತೆಗೆ ಹಾಕಬಹುದು. ಕೊಟ್ಟವರ ಹೆಸರನ್ನು ನಕ್ಷೆಯ ಮೇಲೆ ಬರೆಸುವುದಿಲ್ಲ, ಬಾಗಿಲ ಬಳಿ ಒಂದು ಹಲಗೆ ಇರುತ್ತದೆ. ಖರ್ಚಿನ ಲೆಕ್ಕವೂ ಅಲ್ಲೇ ಪಕ್ಕದಲ್ಲಿ.

ದುಡ್ಡು ಕೊಡಲಾಗದಿದ್ದರೆ ಒಂದು ಸಲ ನಿಮ್ಮ ಮನೆಯ ಅಟ್ಟ ಹತ್ತಿ ನೋಡಿ. ಅಜ್ಜನ ಕಾಲದ ಜಮೀನಿನ ನಕ್ಷೆ, ಬಂದರಿನ ರಸೀದಿ, ದೋಣಿಯ ಲೆಕ್ಕದ ಪುಸ್ತಕ ಇದ್ದರೂ ಇರಬಹುದು. ಶನಿವಾರ ಮಧ್ಯಾಹ್ನ ತನ್ನಿ. ನಿಮ್ಮೆದುರೇ ಫೋಟೋ ತೆಗೆದು ಅವತ್ತೇ ವಾಪಸ್ ಕೊಡುತ್ತೇವೆ. ಒದ್ದೆಯಾಗಿದ್ದರೆ ಮಾತ್ರ ದಯವಿಟ್ಟು ಬಿಸಿಲಿಗೆ ಹಾಕಬೇಡಿ, ಹಾಗೇ ತನ್ನಿ.