ಮಾಸ್ಕ್ ಇರುವುದು ಗದ್ದಕ್ಕಲ್ಲ

ಮಾನ್ಯರೇ,

ಕೊರೊನಾ ಲಾಕ್‌ಡೌನ್ ಸಡಿಲವಾಗಿ ಸಿನಿಮಾ ಮಂದಿರ, ಈಜುಕೊಳ, ಉದ್ಯಾನಗಳು ಮತ್ತೆ ತೆರೆಯುತ್ತಿರುವುದು ಖುಷಿಯೇ. ಮನೆಯಲ್ಲೇ ಕೂತು ಎಲ್ಲರಿಗೂ ಸಾಕಾಗಿದೆ. ಆದರೆ ಎಲ್ಲ ಜಾಗಕ್ಕೂ ಒಂದೇ ನಿಯಮ ಸರಿಹೋಗದು. ಬಯಲಲ್ಲಿ ಗಾಳಿಯಾಡುತ್ತದೆ, ಅಪಾಯ ಕಡಿಮೆ. ಮುಚ್ಚಿದ ಸಭಾಂಗಣದಲ್ಲಿ ಉಸಿರಿನ ಸಣ್ಣ ಕಣಗಳು ಬಹಳ ಹೊತ್ತು ತೇಲುತ್ತಿರುತ್ತವೆ.

ಮೊನ್ನೆ ಸಿನಿಮಾಕ್ಕೆ ಹೋಗಿದ್ದೆ. ಬಾಗಿಲಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿದರು, ಕೈಗೆ ಸ್ಯಾನಿಟೈಸರ್ ಹಾಕಿದರು. ಒಳಗೆ ನೋಡಿದರೆ ಪಕ್ಕದವರ ಮಾಸ್ಕ್ ಗದ್ದದಲ್ಲಿ. ಲೈಟ್ ಆರಿದ್ದೇ ತಡ, ಇನ್ನು ಕೆಲವರದ್ದು ಜೇಬು ಸೇರಿತು! ಜ್ವರ ನೋಡಿದರೆ ಸಾಲದು, ಲಕ್ಷಣವೇ ಇಲ್ಲದವರಿಂದಲೂ ಕೊರೊನಾ ಹರಡುತ್ತದೆ. ಬಟ್ಟೆ ಮಾಸ್ಕ್ ಮೂರು ಪದರದ್ದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಜೂನ್‌ನಲ್ಲೇ ಹೇಳಿತ್ತು. ಮೂರಲ್ಲ, ಮೂವತ್ತು ಪದರವಿದ್ದರೂ ಮೂಗು ಹೊರಗಿದ್ದರೆ ಏನು ಬಂತು?

ಸದ್ಯಕ್ಕೆ ಒಳಗೆ ತಿಂಡಿ ಬೇಡ. ತಿನ್ನುವ ನೆಪದಲ್ಲೇ ಮಾಸ್ಕ್ ಜಾಸ್ತಿ ಇಳಿಯುವುದು. ಮಾಲೀಕರಿಗೆ ಇದು ಹಿಡಿಸದು, ಆದಾಯದ ಮಾತು ಅಲ್ವಾ? ಆಟಗಳ ನಡುವೆ ಬಾಗಿಲು ತೆರೆದಿಟ್ಟು ಗಾಳಿ ಬಿಡಲಿ. ಈಜುವವರಿಗೆ ಮಾಸ್ಕ್ ಹಾಕಿ ಅನ್ನುವುದು ಮಾತ್ರ ಸುಮ್ನೆ ತಲೆನೋವು. ಒದ್ದೆ ಮಾಸ್ಕಿನಲ್ಲಿ ಉಸಿರಾಡುವುದೇ ಕಷ್ಟ. ಅಲ್ಲಿ ಒಂದು ಸಲಕ್ಕೆ ಕಡಿಮೆ ಜನರನ್ನು ಬಿಟ್ಟರಾಯಿತು.

ಒಬ್ಬ ಸಿನಿಮಾಪ್ರೇಮಿ