ಲಾಕ್ ಲೈಟ್ ಹತ್ತಿದ ಮಾತ್ರಕ್ಕೆ ಕರೆಕ್ಟ್ ಅಂತಲ್ಲ

ಸಂಪಾದಕರಿಗೆ ನಮಸ್ಕಾರ,

ಭಾನುವಾರದ ಪುರವಣಿಲಿ ಹವ್ಯಾಸಿಗಳ ಅಟಾಮಿಕ್ ಕ್ಲಾಕ್ ಬಗ್ಗೆ ಬಂದ ಲೇಖನ ಓದಿ ಖುಷಿಯಾಯ್ತು, ಕನ್ನಡದಲ್ಲಿ ಇಂಥದ್ದು ಬರೋದೇ ಅಪರೂಪ. ಆದ್ರೆ ರುಬಿಡಿಯಮ್ ಯೂನಿಟ್‌ಗೆ, ಅಂದ್ರೆ ರುಬಿಡಿಯಮ್ ಪರಮಾಣು ಆಧಾರದ ಮೇಲೆ ನಡೆಯೋ ಪುಟ್ಟ ಅಟಾಮಿಕ್ ಕ್ಲಾಕ್ ಡಬ್ಬಕ್ಕೆ, ಪವರ್ ಕೊಟ್ಟು ಲಾಕ್ ಲೈಟ್ ಹತ್ತಿದ್ರೆ ಮುಗೀತು, ಚೆಕ್ ಮಾಡೋದೇ ಬೇಡ ಅನ್ನೋ ಅರ್ಥದಲ್ಲಿ ಬರೆದಿದಾರಲ್ಲ, ಅದನ್ನ ಮಾತ್ರ ಒಪ್ಪಕ್ಕಾಗಲ್ಲ.

ನಮ್ಮಂಥೋರಿಗೆ ಆನ್‌ಲೈನಲ್ಲಿ ಸಿಗೋ ಎಫ್‌ಇ-5680ಎ, ಎಲ್‌ಪಿಆರ್‌ಒ ಥರದ ಮಾಡೆಲ್‌ನ ರುಬಿಡಿಯಮ್ ಡಬ್ಬಗಳು ಹೆಚ್ಚಾಗಿ ಹಳೇ ಮೊಬೈಲ್ ಟವರ್ ಸಾಮಾನಿಂದ ಬಿಚ್ಚಿದ್ದು, ವರ್ಷಗಟ್ಟಲೆ ಓಡಿರೋವು. ಲಾಕ್ ಅಂದ್ರೆ ಒಳಗಿರೋ ಕ್ರಿಸ್ಟಲ್ಲು ರುಬಿಡಿಯಮ್ ಪರಮಾಣುವಿನ 6.8347 ಗಿಗಾಹರ್ಟ್ಸ್ ಕಂಪನಾನ ಹಿಡ್ಕೊಂಡಿದೆ ಅಂತ ಅಷ್ಟೇ. ಆ ಕಂಪನಾನೇ ರುಬಿಡಿಯಮ್ ಆವಿ ಇರೋ ಗಾಜಿನ ಸೆಲ್ಲಲ್ಲಿ ಜೊತೆಗೆ ತುಂಬಿರೋ ಬಫರ್ ಗ್ಯಾಸು, ಕಾಯಿಲಿನ ಮ್ಯಾಗ್ನೆಟಿಕ್ ಫೀಲ್ಡು, ಟೆಂಪರೇಚರು, ರುಬಿಡಿಯಮ್ ಲ್ಯಾಂಪಿನ ಬೆಳಕು ಇವೆಲ್ಲದರಿಂದ ಒಂಚೂರು ಸರಿದಿರತ್ತೆ, ವಯಸ್ಸಾದಂಗೆ ಇನ್ನೂ ಸರಿಯತ್ತೆ. ಸೆಕೆಂಡ್ ಅಂದ್ರೆ ಎಷ್ಟು ಅಂತ 1967ರಿಂದ ನಿಗದಿ ಮಾಡಿರೋದು ಸೀಸಿಯಮ್ ಪರಮಾಣುವಿನ ಕಂಪನದ ಮೇಲೆ, ರುಬಿಡಿಯಮ್ ಮೇಲಲ್ಲ, ಹಾಗಾಗಿ ಈ ಡಬ್ಬನ ಬೇರೆ ಯಾವುದಾದ್ರೂ ನಂಬಬಹುದಾದ ಟೈಮ್ ಜೊತೆ ಹೋಲಿಸಿ ಟ್ಯೂನ್ ಮಾಡ್ಲೇಬೇಕು.

ಕೆಲವರು ಡಬ್ಬದಿಂದ ಹೊರಗೆ ಬರೋ ಸಿಗ್ನಲ್ಲನ್ನ ಮಾಮೂಲಿ ಫ್ರೀಕ್ವೆನ್ಸಿ ಕೌಂಟರ್‌ಗೆ (ಸೆಕೆಂಡಿಗೆ ಎಷ್ಟು ಅಲೆ ಅಂತ ಎಣಿಸೋ ಯಂತ್ರ) ಹಾಕಿ 10 ಮೆಗಾಹರ್ಟ್ಸ್ ತೋರಿಸ್ತು ಅಂತಾರೆ. ಕೌಂಟರ್ ಒಳಗಿರೋದು ಸಾಧಾರಣ ಕ್ರಿಸ್ಟಲ್ಲು, ಅದೇ ಹತ್ತು ಹರ್ಟ್ಸ್ ಆಚೀಚೆ ಇರಬಹುದು, ಸೌದೆ ಡಿಪೋ ತಕ್ಕಡೀಲಿ ಚಿನ್ನ ತೂಗಿದಂಗಾಯ್ತು ಅದು.

ಒಳ್ಳೇ ಹೀಟ್‌ಸಿಂಕ್ ಮೇಲೆ ಕೂರಿಸಿ ಕೆಲವು ಗಂಟೆ ಬಿಸಿಯಾಗಕ್ಕೆ ಬಿಡಿ, ಆಮೇಲೆ ಜಿಪಿಎಸ್ ರಿಸೀವರಿನ ಸೆಕೆಂಡಿಗೊಂದು ಪಲ್ಸ್‌ನಿಂದ ಆಸಿಲೋಸ್ಕೋಪ್ (ಅಲೆಯನ್ನ ಪರದೆ ಮೇಲೆ ತೋರಿಸೋ ಯಂತ್ರ) ಟ್ರಿಗರ್ ಮಾಡಿ ರುಬಿಡಿಯಮ್‌ನ 10 ಮೆಗಾಹರ್ಟ್ಸ್ ಅಲೆ ಯಾವ ಕಡೆ, ಎಷ್ಟು ನಿಧಾನಕ್ಕೆ ಜರುಗ್ತಿದೆ ನೋಡಿ. ಸಾವಿರ ಸೆಕೆಂಡಿಗೆ ಒಂದು ಪೂರ್ತಿ ಅಲೆ ಜರುಗಿದ್ರೆ ತಪ್ಪು ಸಾವಿರ ಕೋಟಿಯಲ್ಲಿ ಒಂದು ಪಾಲು, ಅಂದ್ರೆ ಸುಮಾರು 317 ವರ್ಷಕ್ಕೆ ಒಂದು ಸೆಕೆಂಡು. ಇದಕ್ಕಿಂತ ಸೂಕ್ಷ್ಮ ಬೇಕಾದ್ರೆ ಅವಸರ ಮಾಡಂಗಿಲ್ಲ, ಯಾಕಂದ್ರೆ ಜಿಪಿಎಸ್ ಪಲ್ಸೇ ಸೆಕೆಂಡಿಂದ ಸೆಕೆಂಡಿಗೆ ಹತ್ತಾರು ನ್ಯಾನೋಸೆಕೆಂಡ್ ಕುಣಿಯತ್ತೆ, ಒಂದಿಡೀ ದಿನ ಲಾಗ್ ಮಾಡಿದ್ರೇನೇ ಆ ಕುಣಿತ ಸರಾಸರೀಲಿ ಕರಗೋದು. ಒಂದೇ ಲಾಟಿನ ಎರಡು ರುಬಿಡಿಯಮ್ ಪರಸ್ಪರ ಹೊಂದಿದ್ವು ಅಂತ ನಂಬೋದೂ ಬೇಡ, ರೂಮು ಬಿಸಿಯಾದ್ರೆ ಎರಡೂ ಒಟ್ಟಿಗೇ ಒಂದೇ ಕಡೆ ಸರಿಯಬಹುದು.

ಉಪಗ್ರಹದಲ್ಲಿರೋ ರುಬಿಡಿಯಮ್ ಗಡಿಯಾರಗಳನ್ನೂ ನೆಲದಿಂದ ಸದಾ ಕಾಯ್ತಾನೇ ಇರ್ತಾರೆ. ದಾರಿ ತೋರಿಸೋ ನಮ್ಮ ದೇಶದ ಐಆರ್‌ಎನ್‌ಎಸ್‌ಎಸ್-1ಎ ಉಪಗ್ರಹದ ಮೂರೂ ವಿದೇಶಿ ರುಬಿಡಿಯಮ್ ಗಡಿಯಾರ ಕೈಕೊಟ್ಟಿದ್ದು, 2023ರ ಮೇನಲ್ಲಿ ಹಾರಿದ ಅದೇ ಸರಣಿಯ ಹೊಸ ಉಪಗ್ರಹ ಎನ್‌ವಿಎಸ್-01ರಲ್ಲಿ ಇಸ್ರೋ ತಾನೇ ಮಾಡಿದ ಗಡಿಯಾರ ಹೋಗಿದ್ದು ಎಲ್ಲ ಲೇಖನದಲ್ಲಿ ಬರಬೇಕಿತ್ತು, ಅದೂ ಇಸ್ರೋದ ನೆಲ ಕೇಂದ್ರ ಇರೋ ಬ್ಯಾಲಾಳು ನಮ್ಮ ಪಕ್ಕದಲ್ಲೇ ಇರೋವಾಗ.

ಕೊನೇದಾಗಿ ಒಂದು ಕೋರಿಕೆ. ದೇಶದ ಅಧಿಕೃತ ಟೈಮ್ ಕಾಯೋ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ (ಎನ್‌ಪಿಎಲ್) ಟೈಮನ್ನ ಬೆಂಗಳೂರಿನ ಪ್ರಾದೇಶಿಕ ಮಾಪನ ಪ್ರಯೋಗಾಲಯಕ್ಕೂ ತರೋ ಸರ್ಕಾರಿ ಯೋಜನೆ ಇದೆ, ಅಲ್ಲಿ ಹವ್ಯಾಸಿಗಳಿಗೆ, ಇಂಜಿನಿಯರಿಂಗ್ ಹುಡುಗರಿಗೆ ವರ್ಷಕ್ಕೊಂದು ದಿನ ತಮ್ಮ ಡಬ್ಬ ತಂದು ಹೋಲಿಸಕ್ಕೆ ಬಿಡ್ತಾರಾ ಅಂತ ನಿಮ್ಮ ವರದಿಗಾರರು ಒಂದ್ಸಲ ಕೇಳಿ ಬರೀಲಿ.

– ಹವ್ಯಾಸಿ ರೇಡಿಯೋ ಓದುಗ, ಬೆಂಗಳೂರು